ಮಂಡ್ಯ–ಶ್ರೀರಂಗಪಟ್ಟಣ ಮಧ್ಯೆ ಸರ್ವೀಸ್ ರೋಡ್ ಪಕ್ಕ ನಮ್ ಗದ್ದೆ ಐತೆ, ಇವಿ ಫಾಸ್ಟ್ ಚಾರ್ಜಿಂಗ್ ಸ್ಟೇಷನ್ ಹಾಕ್ಬೋದಾ?

ಗದ್ದೆ_ಪಕ್ಕದೋನು:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಯ್ತದೆ, ಪೂರ್ತಿ ಓದಿ ಹೇಳ್ರಪ್ಪ.

ಮಂಡ್ಯ ದಾಟಿ ಮೈಸೂರು ಕಡೆ ಹೋಗ್ತಾ ಗಣಂಗೂರು ಟೋಲ್ ಸಿಗೋಕೆ ಮುಂಚೆ ಎಡಗಡೆ ಸರ್ವೀಸ್ ರೋಡಿಗೆ ಅಂಟ್ಕೊಂಡಂಗೆ ನಮ್ದು 28 ಗುಂಟೆ ಗದ್ದೆ ಐತೆ. ಊರ ಹೆಸರು ಇಲ್ಲಿ ಬೇಡ ಬಿಡಿ. ನಾಲೆ ನೀರು ಬರುತ್ತೆ, ಈಗ ಕಬ್ಬು ನಿಂತಿದೆ. ಎಕ್ಸ್‌ಪ್ರೆಸ್‌ವೇ ಮಾಡೋವಾಗ ಒಂದಷ್ಟು ಜಮೀನು ಹೋಯ್ತು, ಉಳಿದಿರೋದು ರೋಡಿನ ಉದ್ದಕ್ಕೆ ಸಪೂರವಾಗಿ ಉಳ್ಕೊಂಡೈತೆ, ಟ್ರ್ಯಾಕ್ಟರ್ ತಿರುಗ್ಸಕ್ಕೂ ಜಾಗ ಸಾಲಲ್ಲ. ಅದಕ್ಕೇ ಮುಂದಿನ 10 ಗುಂಟೆಲಿ ಕಾರುಗಳಿಗೆ ಫಾಸ್ಟ್ ಚಾರ್ಜಿಂಗ್ ಹಾಕ್ಬುಟ್ಟು ಪಕ್ಕದಲ್ಲೊಂದು ಟೀ ಅಂಗಡಿ ಇಟ್ರೆ ಹೆಂಗೆ ಅಂತ ತಲೇಲಿ ಓಡ್ತಾ ಇದೆ.

ಈ ಮಧ್ಯೆ ಒಬ್ಬ ಏಜೆಂಟು ಬಂದಿದ್ದ. 120 ಕಿಲೋವ್ಯಾಟ್ ಮಿಷನ್ನು, ಟಿಸಿ (ಟ್ರಾನ್ಸ್‌ಫಾರ್ಮರ್), ಕೇಬಲ್ಲು, ಶೆಡ್ಡು ಎಲ್ಲಾ ಸೇರಿ 40 ಲಕ್ಷ ಆಗುತ್ತೆ, ದುಡ್ಡು ನೀವು ಹಾಕಿ, ನಡೆಸೋದು ನಾವು, ಮೂರು ವರ್ಷಕ್ಕೆ ಹಾಕಿದ್ದು ವಾಪಸ್ ಅಂತ ಹೇಳಿ ಬುಕಿಂಗ್ ಅಡ್ವಾನ್ಸ್ ಕೇಳ್ತಾ ಅವ್ನೆ. ಅಪ್ಪ ಅಂತೂ "ಪೆಟ್ರೋಲ್ ಬಂಕ್ ಆದ್ರೆ ಹೇಳು, ಇದೇನ್ಲಾ ಕರೆಂಟ್ ಮಾರೋ ಅಂಗ್ಡಿ" ಅಂತ ನಗ್ತಾರೆ.

ನಂಗೆ ಬೇಕಿರೋದು ಇಷ್ಟು. 60 ಹಾಕ್ಬೇಕಾ 120 ಹಾಕ್ಬೇಕಾ? ಪರ್ಮಿಷನ್ನು ಯಾರ್ಯಾರ ಹತ್ರ? ನಿಜವಾಗ್ಲೂ ಗಾಡಿಗಳು ಬರ್ತವಾ? ಕರೆಂಟಿಂದು ಯೋಚ್ನೆ ಇಲ್ಲ, ನಮ್ ಗದ್ದೆ ಮೇಲೇ ಇಲೆವೆನ್ ಕೆವಿ ಲೈನ್ ಹೋಗಿದೆ, ಬದಿನಲ್ಲೇ ಟಿಸಿ ಕೂಡ ಐತೆ.

ಕುವೆಂಪುನಗರ_ಇವಿ:

ಗುರು, ಮೊದ್ಲು ಮೂರು ವರ್ಷ ಅಂದೋನಿಗೆ ಅಡ್ವಾನ್ಸ್ ಕೊಡ್ಬೇಡಿ. ಮಿಕ್ಕಿದ್ದು ಆಮೇಲೆ.

ನಾನು ಮೈಸೂರು ಬೆಂಗಳೂರು ಇವಿಲೇ ಓಡಾಡೋನು, ಅದಕ್ಕೆ ಗಿರಾಕಿ ಕಡೆಯಿಂದ ಹೇಳ್ತೀನಿ. ಎಕ್ಸ್‌ಪ್ರೆಸ್‌ವೇ ಇರೋದೇ 119 ಕಿ.ಮೀ. ರಾತ್ರಿ ಮನೇಲಿ ಫುಲ್ ಮಾಡ್ಕೊಂಡು ಹೊರಟ್ರೆ 40 ಯೂನಿಟ್ ಬ್ಯಾಟ್ರಿ ಗಾಡಿಗೂ ದಾರೀಲಿ ನಿಲ್ಲೋ ಕೆಲಸ ಇಲ್ಲ. ಹಾಗಾಗಿ "ಇಷ್ಟು ಸಾವಿರ ಕಾರು ದಿನಾ ಓಡಾಡ್ತವೆ, ಅದ್ರಲ್ಲಿ ಇಷ್ಟು ಇವಿ" ಅನ್ನೋ ಲೆಕ್ಕ ಏಜೆಂಟ್ ತೋರಿಸಿದ್ರೆ ಅದು ಪೇಪರ್ ಮೇಲಿನ ಲೆಕ್ಕ. ಓಡಾಡೋ ಇವಿ ಬೇರೆ, ನಿಲ್ಲೋ ಇವಿ ಬೇರೆ.

ನಿಲ್ಲೋರು ಯಾರು ಅಂದ್ರೆ ಒಂದು, ಬೆಳಿಗ್ಗೆ ಬೆಂಗಳೂರು ಬಿಟ್ಟು ಮೈಸೂರು ಸುತ್ತಿ ಸಂಜೆ ವಾಪಸ್ ಹೋಗೋರು. ಆದ್ರೆ ಅವರಿಗೆ ಚಾರ್ಜ್ ಬೇಕಾಗೋದು ವಾಪಸ್ ಹೋಗುವಾಗ, ಅಂದ್ರೆ ಎದುರುಗಡೆ ಸೈಡಲ್ಲಿ. ನಿಮ್ಮ ಜಾಗ ಮೈಸೂರು ಕಡೆ ಹೋಗೋ ಸೈಡು. ಅಂಡರ್‌ಪಾಸ್ ಹುಡುಕ್ಕೊಂಡು ಆ ಕಡೆಯಿಂದ ಈ ಕಡೆ ಬರೋ ತಾಳ್ಮೆ ಯಾರಿಗೂ ಇಲ್ಲ ಸಾರ್, ಮಕ್ಕಳು ಹಿಂದೆ ಅಳ್ತಾ ಇರ್ತವೆ. ಎರಡನೇದು, ಮೈಸೂರು ದಾಟಿ ಹೋಗೋರು. ಕೊಡಗು, ಊಟಿ, ವಯನಾಡು. ಇವ್ರೇ ನಿಮ್ಮ ಅಸಲಿ ಗಿರಾಕಿಗಳು. ಬೆಂಗಳೂರಿಂದ ಮಡಿಕೇರಿ 260 ಕಿ.ಮೀ. ಹತ್ರ, ಊಟಿನೂ ಹೆಚ್ಚು ಕಮ್ಮಿ ಅಷ್ಟೇ. ನೂರರ ಸ್ಪೀಡಲ್ಲಿ ಎಸಿ ಹಾಕ್ಕೊಂಡು ನಾಲ್ಕು ಜನ ಲಗೇಜು ಅಂತ ಬಂದ್ರೆ ಕಂಪನಿ ಹೇಳೋ ರೇಂಜ್ ಸಿಗಲ್ಲ, ಮುಂದೆ ಘಾಟಿ ಬೇರೆ ಇದೆ, ಹೆಂಡತಿ "ಇಲ್ಲೇ ಹಾಕಿಸ್ಬಿಡಿ" ಅಂತಾಳೆ, ನಿಲ್ತಾರೆ. ಮೈಸೂರು–ಕುಶಾಲನಗರ ಹೊಸ ನಾಲ್ಕು ಲೇನ್ ರೋಡು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ ಹತ್ರದಿಂದ್ಲೇ ಶುರುವಾಗೋದು, 92 ಕಿ.ಮೀ. ಅದು ಪೂರ್ತಿ ಆದ್ರೆ ಕೊಡಗಿನ ಗಾಡಿ ಮೈಸೂರೊಳಗೆ ಬರೋದೇ ಇಲ್ಲ, ಅಂದ್ರೆ ಮೈಸೂರಿನ ಚಾರ್ಜರ್‌ಗಳೂ ಅವರಿಗೆ ಸಿಗಲ್ಲ, ನಿಮ್ಮದು ಸಿಗುತ್ತೆ. ಇದೊಂದು ಪ್ಲಸ್ ಪಾಯಿಂಟು, ಏಜೆಂಟ್ ಇದನ್ನ ಹೇಳಿರಲ್ಲ.

ಆದ್ರೆ ಇವ್ರೆಲ್ಲಾ ಬರೋದು ಶುಕ್ರವಾರ ಸಂಜೆ, ಶನಿವಾರ ಬೆಳಿಗ್ಗೆ, ದಸರಾ, ಕ್ರಿಸ್‌ಮಸ್ ರಜೆ. ಮಂಗಳವಾರ ಮಧ್ಯಾಹ್ನ ನಿಮ್ಮ ಮಿಷನ್ ಪಕ್ಕ ನಾಯಿ ಮಲಗಿರುತ್ತೆ.

ಈಗ ದುಡ್ಡಿನ ಲೆಕ್ಕ. 120 ಕಿಲೋವ್ಯಾಟ್ ಮಿಷನ್ ದಿನಪೂರ್ತಿ ನಿಲ್ಲದೆ ಓಡಿದ್ರೆ 2880 ಯೂನಿಟ್. ನೂರಕ್ಕೆ ಐದು ಭಾಗ ಓಡ್ತು ಅಂತ ಇಟ್ಕೊಳ್ಳಿ, 144 ಯೂನಿಟ್, ಅಂದ್ರೆ ಆರು ಕಾರು. ಕರೆಂಟ್ ಬಿಲ್ಲು, ಆಪ್‌ನೋರ ಕಮಿಷನ್ನು ಕಳೆದು ಯೂನಿಟ್ಗೆ 8 ರೂಪಾಯಿ ಉಳೀತು ಅಂದ್ರೂ ದಿನಕ್ಕೆ 1152, ತಿಂಗಳಿಗೆ 34 ಸಾವಿರ ಚಿಲ್ಲರೆ. 40 ಲಕ್ಷಕ್ಕೆ ನೂರಕ್ಕೆ ಹತ್ತರಂಗೆ ಬಡ್ಡಿ ಹಾಕಿದ್ರೆ ತಿಂಗಳಿಗೆ ಬಡ್ಡಿನೇ 33 ಸಾವಿರ. ಅಸಲು ಎಲ್ಲಿಂದ ಬರುತ್ತೆ, ರಾತ್ರಿ ಕಾಯೋ ಹುಡುಗನ ಸಂಬಳ ಎಲ್ಲಿಂದ ಬರುತ್ತೆ, ನೀವೇ ಹೇಳಿ. ಗಿರಾಕಿ ಬಿಲ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ, ಅದರಿಂದ ದರ ಜಾಸ್ತಿ ಕಾಣುತ್ತೆ, ಬೈಗುಳ ನಿಮಗೆ.

60ಆ 120ಆ ಅಂದ್ರೆ, ಈಗ ರೋಡಲ್ಲಿರೋ ಹೆಚ್ಚಿನ ಕಾರುಗಳು 50 ಕಿಲೋವ್ಯಾಟ್ ಆಸುಪಾಸು ಎಳೆದ್ರೆ ಹೆಚ್ಚು, 80 ಪರ್ಸೆಂಟ್ ದಾಟಿದ ಮೇಲೆ ಅದೂ ಇಲ್ಲ, ಇಳೀತಾ ಹೋಗುತ್ತೆ. ಮಹೀಂದ್ರ ಬಿಇ 6 ಥರದವು 140, ದೊಡ್ಡ ಬ್ಯಾಟ್ರಿದು 175 ತನಕ ತಗೊಳ್ತವೆ, ಅಂಥವು ಹೆಚ್ತಾ ಇರೋದು ನಿಜ. ಆದ್ರೆ 120ರ ಮಿಷನ್ನಿಗೆ ಎರಡು ಗನ್ (ಗಾಡಿಗೆ ಚುಚ್ಚೋ ಪ್ಲಗ್ಗು) ಇರುತ್ತೆ, ಎರಡು ಗಾಡಿ ನಿಂತ್ರೆ ಸಾಮಾನ್ಯವಾಗಿ 60 60 ಹಂಚ್ಕೊಳ್ಳುತ್ತೆ. ಅಂದ್ರೆ ನೀವು 120 ಹಾಕೋದು ಸ್ಪೀಡಿಗಲ್ಲ, ಒಟ್ಟಿಗೆ ಎರಡು ಗಾಡಿ ನಿಲ್ಲಿಸೋಕೆ. ಶನಿವಾರ ಬೆಳಿಗ್ಗೆ ಅದು ಬೇಕೇ ಬೇಕು. ಒಂದೇ ಗನ್ ಇರೋ ಕಡೆ ಆಪಲ್ಲಿ "ಬಿಜಿ" ಅಂತ ಕಂಡ್ರೆ ಯಾರೂ ಕಾಯಲ್ಲ, ಮುಂದಕ್ಕೆ ಹೋಗ್ತಾರೆ.

ಲೈನ್_ಕಂಬ:

ಮೇಲಿನವರು ಗಾಡಿ ಲೆಕ್ಕ ಚೆನ್ನಾಗಿ ಹೇಳಿದಾರೆ. ನಾನು ಎಲೆಕ್ಟ್ರಿಕಲ್ ಕಾಂಟ್ರ್ಯಾಕ್ಟು ಮಾಡೋನು, ಮಂಡ್ಯ ಜಿಲ್ಲೆಲೇ ಕೆಲಸ. ನೀವು "ಕರೆಂಟಿಂದು ಯೋಚ್ನೆ ಇಲ್ಲ" ಅಂದ್ರಲ್ಲ, ನನಗೆ ಯೋಚ್ನೆ ಅಲ್ಲಿಂದ್ಲೇ ಶುರು.

ಗದ್ದೆ ಮೇಲೆ ಲೈನ್ ಹೋಗಿದೆ ಸರಿ, ಅದು ಯಾವ ಫೀಡರು, ಅಂದ್ರೆ ಸಬ್‌ಸ್ಟೇಷನ್ನಿಂದ ಬರೋ ಯಾವ ಲೈನು? ಪಂಪ್‌ಸೆಟ್ ಫೀಡರ್ ಆದ್ರೆ ತ್ರೀ ಫೇಸ್ ಬರೋದು ದಿನಕ್ಕೆ ಏಳು ಗಂಟೆ, ಅದೂ ಶಿಫ್ಟ್ ಲೆಕ್ಕದಲ್ಲಿ, ಒಂದು ವಾರ ಹಗಲು ಇನ್ನೊಂದು ವಾರ ರಾತ್ರಿ ಆದ್ರೂ ಆಗ್ಬೋದು. ನಿಮ್ಮ ಬೋರ್‌ವೆಲ್ಲಿಗೆ ಅದು ಸಾಕು, ಫಾಸ್ಟ್ ಚಾರ್ಜರ್‌ಗೆ ಮೂರೂ ಫೇಸು ಇಪ್ಪತ್ನಾಲ್ಕು ಗಂಟೆ ಬೇಕು. ನಿರಂತರ ಜ್ಯೋತಿ (ಹಳ್ಳಿಗಳಿಗೆ ದಿನಪೂರ್ತಿ ಕರೆಂಟ್ ಕೊಡೋ ಯೋಜನೆ) ಮಾಡಿದಾಗ ಊರಿನ ಲೈನು ಬೇರೆ ಪಂಪ್‌ಸೆಟ್ ಲೈನು ಬೇರೆ ಮಾಡಿದ್ರಲ್ಲ, ಗದ್ದೆ ಬಯಲಲ್ಲಿ ಕಾಣೋ ಕಂಬ ಹೆಚ್ಚಿಗೆ ಪಂಪ್‌ಸೆಟ್ಟಿಂದೇ ಇರುತ್ತೆ. ನೋಡೋಕೆ ಎರಡೂ ಒಂದೇ ಥರ. ಜಾಗ ತೋರಿಸೋ ಏಜೆಂಟ್‌ಗಳು "ಸಾರ್ ನೋಡಿ ಇಲೆವೆನ್ ಕೆವಿ ಇಲ್ಲೇ ಇದೆ" ಅಂತ ಕೈ ತೋರ್ಸಿ ಹೋಗ್ತಾರೆ, ಆಮೇಲೆ ಎಸ್ಟಿಮೇಟ್ ಹಾಕಿಸ್ದಾಗ ನಿರಂತರ ಜ್ಯೋತಿ ಫೀಡರ್ರೋ ಇಂಡಸ್ಟ್ರಿಯಲ್ ಫೀಡರ್ರೋ ಒಂದೂವರೆ ಕಿ.ಮೀ. ಆಚೆಯಿಂದ ಎಳೀಬೇಕು ಅಂತ ಗೊತ್ತಾಗುತ್ತೆ. ಕಂಬ, ಕಂಡಕ್ಟರು, ಹೈವೇ ದಾಟಿಸಬೇಕಾದ್ರೆ ನೆಲದೊಳಗೆ ಕೇಬಲ್ಲು, ಅದಕ್ಕೆ ಹೈವೇ ಅಥಾರಿಟಿ ಪರ್ಮಿಷನ್ನು. ಮಿಷನ್ ರೇಟಿಗೆ ಜಗಳ ಆಡೋರು ಇಲ್ಲಿ ಬಿದ್ದೋಗ್ತಾರೆ.

ಬದೀಲಿರೋ ಟಿಸಿನ ಮರೆತುಬಿಡಿ. ಅದು 63 ಇಲ್ಲಾ 100 ಕೆವಿಎ ಇರುತ್ತೆ, ಅದಕ್ಕೆ ಆಗಲೇ ಪಂಪ್‌ಸೆಟ್‌ಗಳು ನೇತಾಡ್ತಾ ಇರ್ತವೆ. 120 ಕಿಲೋವ್ಯಾಟ್ ಮಿಷನ್ ಒಂದೇ ಹೆಚ್ಚು ಕಮ್ಮಿ 130 ಕೆವಿಎ ಕೇಳುತ್ತೆ. ನಿಮಗೆ ಅಂತಲೇ 250 ಕೆವಿಎ ಟಿಸಿ ಬೇಕು. 250 ಹಾಕಿದ್ರೆ ಮುಂದೆ ಇನ್ನೊಂದು 60ರ ಮಿಷನ್ನಿಗೂ ಜಾಗ ಇರುತ್ತೆ, ಮೊದಲೇ ಹಾಕ್ಕೊಳ್ಳೋದು ಒಳ್ಳೇದು, ಟಿಸಿ ಬದಲಾಯಿಸೋ ಖರ್ಚು ಎರಡು ಸಲ ಬೇಡ. ಆದ್ರೆ ಸ್ಯಾಂಕ್ಷನ್ ಲೋಡನ್ನ (ಮಂಜೂರು ಮಾಡಿಸ್ಕೊಳ್ಳೋ ಕರೆಂಟ್ ಮಿತಿ) ಈಗ ಎಷ್ಟು ಬೇಕೋ ಅಷ್ಟೇ ತಗೊಳ್ಳಿ, ಯಾಕಂದ್ರೆ ಗಾಡಿ ಬರ್ಲಿ ಬಿಡ್ಲಿ ಫಿಕ್ಸೆಡ್ ಚಾರ್ಜು ಲೋಡ್ ಮೇಲೆ ತಿಂಗಳಾ ತಿಂಗಳಾ ಬೀಳುತ್ತೆ.

ಟ್ಯಾರಿಫ್ ವಿಷ್ಯ ನೆನಪಿಟ್ಕೊಳ್ಳಿ, ಇವಿ ಚಾರ್ಜಿಂಗ್‌ಗೆ ಕೆಇಆರ್‌ಸಿ (ಕರೆಂಟ್ ದರ ನಿಗದಿ ಮಾಡೋ ರಾಜ್ಯದ ಆಯೋಗ) ಬೇರೇನೇ ವರ್ಗ ಮಾಡಿದೆ, ಎಲ್‌ಟಿ-6ಸಿ ಅಂತ. ಅಂಗಡಿ ಕಮರ್ಷಿಯಲ್ ದರಕ್ಕಿಂತ ಕಮ್ಮಿ. ಅರ್ಜಿಲಿ ಅದನ್ನೇ ಬರೆಸಿ. ನಿಮ್ಮ ಟೀ ಅಂಗಡಿ, ಫ್ರಿಜ್ಜು, ಬೋರ್ಡ್ ಲೈಟು ಆ ಮೀಟರಿಗೆ ಕೊಟ್ಟು ಸಿಕ್ಕಾಕ್ಕೊಂಡ್ರೆ ವಿಜಿಲೆನ್ಸ್‌ನೋರು ಬಿಡಲ್ಲ, ಅಂಗಡಿಗೆ ಸಪರೇಟ್ ಆರ್‌ಆರ್ ನಂಬರ್ ಮಾಡಿಸಿ. ಚಾರ್ಜಿಂಗ್ ಮಾಡೋಕೆ ಲೈಸೆನ್ಸ್ ಏನೂ ಬೇಡ, ಅದು ಕರೆಂಟ್ ಮಾರೋದಲ್ಲ ಸೇವೆ ಅಂತ ಕೇಂದ್ರ ಇಂಧನ ಇಲಾಖೆ 2018ರ ಏಪ್ರಿಲಲ್ಲೇ ಸ್ಪಷ್ಟ ಮಾಡಿದೆ, ನಿಮ್ಮ ತಂದೆಯವರಿಗೆ ಹೇಳಿ. ಆದ್ರೆ ಟಿಸಿ ಹಾಕಿದ ಮೇಲೆ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್ ಬಂದು ನೋಡಿ ಅಪ್ರೂವಲ್ ಕೊಡ್ದೆ ಟಿಸಿಗೆ ಕರೆಂಟ್ ಬಿಡಂಗಿಲ್ಲ. 2024ರ ಗ್ರಾಹಕರ ಹಕ್ಕಿನ ತಿದ್ದುಪಡಿ ನಿಯಮದಲ್ಲಿ ಹಳ್ಳಿ ಕಡೆ ಹೊಸ ಕನೆಕ್ಷನ್ 15 ದಿನದಲ್ಲಿ ಕೊಡ್ಬೇಕು ಅಂತ ಇದೆ, ಆದ್ರೆ ಲೈನ್ ಎಳೆದು ಟಿಸಿ ಕೂರಿಸೋ ಕೆಲಸ ಇದ್ದಾಗ ಆ ಲೆಕ್ಕ ನಡೆಯಲ್ಲ, ತಿಂಗಳುಗಟ್ಲೆ ಅಂತಲೇ ಮನಸ್ಸಲ್ಲಿ ಇಟ್ಕೊಳ್ಳಿ. ಬ್ಯಾಂಕ್ ಲೋನ್ ಅದಕ್ಕೆ ಮುಂಚೆ ಎತ್ಬೇಡಿ, ಮಿಷನ್ನು ಗೋಡೌನಲ್ಲಿ ಬಿದ್ದಿರುತ್ತೆ ಬಡ್ಡಿ ಓಡ್ತಿರುತ್ತೆ.

ಇನ್ನೊಂದು, ನಾಲೆ ಅಚ್ಚುಕಟ್ಟಿನ ಗದ್ದೆ ರೋಡಿಗಿಂತ ತಗ್ಗಲ್ಲಿರುತ್ತೆ. ಮಣ್ಣು ತುಂಬಿಸಿ ಚೆನ್ನಾಗಿ ಕೂರೋಕೆ ಬಿಟ್ಟು ಆಮೇಲೆ ಮಿಷನ್ ಕಟ್ಟೆ ಎತ್ತರಕ್ಕೆ ಕಟ್ಟಿ. 2022ರ ಆಗಸ್ಟಲ್ಲಿ ರಾಮನಗರದ ಹತ್ರ ಹೈವೇ ಮೇಲೇ ನೀರು ನಿಂತಿದ್ದು ಎಲ್ರಿಗೂ ನೆನಪಿದೆ. ಅರ್ಥಿಂಗ್ ಕೂಡ ಕಾಟಾಚಾರಕ್ಕೆ ಮಾಡ್ಬೇಡಿ, ನ್ಯೂಟ್ರಲ್ಲಿಗೂ ಅರ್ಥಿಗೂ ಮಧ್ಯೆ ವೋಲ್ಟೇಜ್ ಜಾಸ್ತಿ ಇದ್ರೆ ಮಿಷನ್ ಏನೂ ಹೇಳ್ದೆ ಟ್ರಿಪ್ ಆಗ್ತಾನೇ ಇರುತ್ತೆ, ನೀವು ಕಂಪನಿನ ಬೈತೀರ ಕಂಪನಿ ನಿಮ್ಮನ್ನ ಬೈಯುತ್ತೆ.

ಹಸಿರು_ಬೋರ್ಡ್_ಡ್ರೈವರ್:

ಅಣ್ಣ ನಾನ್ ಟ್ಯಾಕ್ಸಿ ಓಡ್ಸೋನು, ಎಲೆಕ್ಟ್ರಿಕ್. ಎಲ್ರೂ ಕೊಡಗು ಊಟಿ ಅಂತಿದಾರೆ, ನಮ್ಮನ್ನ ಮರ್ತೇ ಬಿಟ್ರಿ. ಏರ್‌ಪೋರ್ಟ್‌ನಿಂದ ಮೈಸೂರು 180 ಕಿ.ಮೀ. ಮೇಲಾಯ್ತದೆ, ಬಿಟ್ಟು ವಾಪಸ್ ಹೋಗಕ್ಕೆ ಚಾರ್ಜ್ ಮಾಡ್ಲೇಬೇಕು. ಮಂಗಳವಾರ ಮಧ್ಯಾಹ್ನ ನಾಯಿ ಮಲಗುತ್ತೆ ಅಂದ್ರಲ್ಲ, ಆ ಟೈಮಲ್ಲಿ ಬರೋರು ನಾವೇ. ರಾತ್ರಿ ಎರಡು ಗಂಟೆಗೂ ಬರ್ತೀವಿ.

ನಮಗೆ ಬೇಕಿರೋದು ಜಾಸ್ತಿ ಏನಿಲ್ಲ. ಮಿಷನ್ ಆನ್ ಇರ್ಬೇಕು. ಆಪಲ್ಲಿ ಹಸಿರು ತೋರ್ಸಿ ಅಲ್ಲಿಗೆ ಹೋದ್ರೆ ಸ್ಕ್ರೀನ್ ಕಪ್ಪಗಿರುತ್ತೆ ನೋಡಿ, ಆವತ್ತು ಬರೋ ಕೋಪ ಯಾರಿಗೂ ಬೇಡ, 9 ಪರ್ಸೆಂಟಲ್ಲಿ ಕಸ್ಟಮರ್ ಕೂರಿಸ್ಕೊಂಡು ಇನ್ನೊಂದ್ ಚಾರ್ಜರ್ ಹುಡುಕ್ಬೇಕು. ಒಂದ್ಸಲ ಹಂಗಾದ ಜಾಗಕ್ಕೆ ನಮ್ ಗ್ರೂಪಲ್ಲಿ ಮೆಸೇಜ್ ಹೋಗ್ಬುಡ್ತದೆ, ಇನ್ನೂರು ಡ್ರೈವರು ಆ ಕಡೆ ತಲೆ ಹಾಕಲ್ಲ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ ಹಿಂದಿಲಿ "ರೀಸ್ಟಾರ್ಟ್ ಮಾಡಿ" ಅಂತಾರೆ. ಅದ್ರ ಬದ್ಲು ಅಲ್ಲೇ ಒಬ್ಬ ಹುಡ್ಗ ಇದ್ದು ಎಮರ್ಜೆನ್ಸಿ ಬಟನ್ ತಿರುಗ್ಸಿ ಎಂಸಿಬಿ ಎತ್ತಿದ್ರೆ ಮುಗೀತು ಎಷ್ಟೋ ಸಲ.

ಕ್ಲೀನಾಗಿರೋ ಟಾಯ್ಲೆಟ್ಟು, ಲೈಟು. ಹೆಣ್ಮಕ್ಳು ಒಬ್ಬೊಬ್ರೇ ಗಾಡಿ ಓಡಿಸ್ಕೊಂಡು ಬರ್ತಾರೆ ಈಗ, ಕತ್ತಲೇಲಿ ಕಬ್ಬಿನ ಗದ್ದೆ ಪಕ್ಕ ಅರ್ಧ ಮುಕ್ಕಾಲು ಗಂಟೆ ನಿಲ್ಲಿ ಅಂದ್ರೆ ನಿಲ್ತಾರಾ? ಆಮೇಲೆ ಎಕ್ಸಿಟ್. ನೂರರಲ್ಲಿ ಬರೋ ಗಾಡಿಗೆ ನಿಮ್ ಬೋರ್ಡ್ ಕಂಡಾಗ ಸರ್ವೀಸ್ ರೋಡಿಗೆ ಇಳಿಯೋ ದಾರಿ ಆಗಲೇ ಹಿಂದಕ್ಕೆ ಹೋಗಿರುತ್ತೆ. ಮೇನ್ ರೋಡಿಗೂ ಸರ್ವೀಸ್ ರೋಡಿಗೂ ಮಧ್ಯೆ ಬೇಲಿ ಐತಲ್ಲ. ನಿಮ್ ಜಾಗಕ್ಕೆ ಹಿಂದೆ ಎಷ್ಟು ದೂರದಲ್ಲಿ ಇಳಿಯೋ ದಾರಿ ಐತೆ, ಚಾರ್ಜ್ ಆದ್ಮೇಲೆ ಮತ್ತೆ ಹತ್ತೋಕೆ ಎಲ್ಲಿ, ಒಂದ್ಸಲ ಗಾಡಿ ತಗೊಂಡು ಹೊರಗಿನವ್ರ ಥರ ಮ್ಯಾಪ್ ಹಾಕ್ಕೊಂಡು ಬನ್ನಿ. ಸರ್ವೀಸ್ ರೋಡಲ್ಲಿ ಎದುರುಗಡೆಯಿಂದ ಕಬ್ಬಿನ ಟ್ರ್ಯಾಕ್ಟರ್ ಬರೋ ಟೈಮಲ್ಲೇ ಬನ್ನಿ, ಆಗ ನಿಜ ಗೊತ್ತಾಯ್ತದೆ 😄

ಬಂಡೀಪುರ_ದಾರಿ_ಹೋಟೆಲ್:

ನಾನು ನಂಜನಗೂಡು ದಾಟಿ ಗುಂಡ್ಲುಪೇಟೆ ರೋಡಲ್ಲಿ ಹೋಟೆಲ್ ನಡೆಸ್ತೀನಿ, ಅಂಗಳದಲ್ಲಿ 60 ಕಿಲೋವ್ಯಾಟ್ ಚಾರ್ಜರ್ ಇದೆ. ಡ್ರೈವರ್ ತಮ್ಮ ಹೇಳಿದ್ದಕ್ಕೆ ನನ್ನ ಕಡೆಯಿಂದ ಇನ್ನಷ್ಟು.

ಚಾರ್ಜಿಂಗಲ್ಲಿ ನಂಗೆ ಉಳಿಯೋದು ಅಷ್ಟಕ್ಕಷ್ಟೇ. ಆದ್ರೆ ಗಾಡಿ ಚುಚ್ಚಿ ಅರ್ಧ ಮುಕ್ಕಾಲು ಗಂಟೆ ಕೂತಿರೋ ಕುಟುಂಬ ಮಸಾಲೆ ದೋಸೆ, ಕಾಫಿ, ಮಕ್ಕಳಿಗೆ ಐಸ್‌ಕ್ರೀಮ್ ತಗೊಳ್ದೆ ಹೋಗಲ್ಲ. ಬಂಡೀಪುರ ಗೇಟ್ ರಾತ್ರಿ 9ಕ್ಕೆ ಮುಚ್ಚುತ್ತಲ್ಲ, ಅದಕ್ಕೆ ಆರೂವರೆ ಏಳಕ್ಕೆ ನಮ್ಮಲ್ಲಿ ನೂಕುನುಗ್ಗಲು, ಒಬ್ಬರ ಗನ್ ಇನ್ನೊಬ್ಬರು ಕಿತ್ಕೊಳ್ಳೋದೊಂದು ಬಾಕಿ. ಆವಾಗ 80 ಆದ ಕೂಡ್ಲೆ ಗಾಡಿ ತೆಗೀರಿ ಅಂತ ಹೇಳೋಕೆ ಬಾಯಿ ಇರೋ ಮನುಷ್ಯರು ಬೇಕು, ಆಪ್ ಹೇಳಲ್ಲ. ನಿಮ್ಮ ಟೀ ಅಂಗಡಿನ ಪಕ್ಕದ್ದು ಅಂದ್ಕೋಬೇಡಿ, ಅದೇ ಮುಖ್ಯ. ಬೈಪಾಸ್ ಆದ್ಮೇಲೆ ಮದ್ದೂರು, ಚನ್ನಪಟ್ಟಣದ ಹಳೇ ರೋಡಿನ ಹೋಟೆಲ್ ಅಂಗಡಿಗಳ ಪಾಡು ಏನಾಯ್ತು ನೋಡಿದೀರಲ್ಲ, ಗಾಡಿ ನಿಲ್ಲಿಸೋಕೆ ಒಂದು ಕಾರಣ ಕೊಡ್ಬೇಕು ಈಗ.

ಏಜೆಂಟ್ ಅಗ್ರಿಮೆಂಟ್ ಬಗ್ಗೆ. ನಮ್ಮಲ್ಲಿ ಮೊದಲಿದ್ದ ಕಂಪನಿ ಮಿಷನ್ನಲ್ಲಿ ಒಂದು ಪವರ್ ಮಾಡ್ಯೂಲ್ ಹೋಗಿ ಅರ್ಧ ಪವರ್ ಬರ್ತಿತ್ತು, ಪಾರ್ಟ್ ಬರ್ಬೇಕು ಅಂತ ವಾರಗಟ್ಲೆ ತಳ್ಳಿದ್ರು, ಬೈಸ್ಕೊಂಡಿದ್ದು ಹೋಟೆಲ್‌ನೋರು. ಎರಡನೇ ಸಲ ಅಗ್ರಿಮೆಂಟ್ ಮಾಡುವಾಗ ಕೂತು ಬರೆಸಿದೆ: ಮಿಷನ್ ನಿಂತ್ರೆ ಎಷ್ಟು ಗಂಟೆಲಿ ಬರ್ಬೇಕು, ಬರ್ದಿದ್ರೆ ದಿನಕ್ಕೆ ಎಷ್ಟು ಕಟ್ಬೇಕು, ಯೂನಿಟ್ ದರ ಬದಲಾಯಿಸೋವಾಗ ನನ್ನ ಒಪ್ಪಿಗೆ ಬೇಕು, ದುಡ್ಡು ಯಾವ ತಾರೀಕಿಗೆ ನನ್ನ ಅಕೌಂಟಿಗೆ, ಮೀಟರ್ ಯೂನಿಟ್ಟೂ ಆಪ್ ಯೂನಿಟ್ಟೂ ತಾಳೆ ನೋಡೋ ಹಕ್ಕು ನನಗೆ. ಕೊನೇದು ಬಹಳ ಮುಖ್ಯ ತಮ್ಮಾ. ಕೆಇಬಿ ಮೀಟರ್ ತೋರಿಸೋದಕ್ಕೂ ಗನ್ನಿಂದ ಗಾಡಿಗೆ ಹೋಗೋದಕ್ಕೂ ವ್ಯತ್ಯಾಸ ಇದ್ದೇ ಇರುತ್ತೆ, ಮಿಷನ್ ಬಿಸಿಯಾಗಿ ಫ್ಯಾನ್ ತಿರುಗಿ ಒಂದಿಷ್ಟು ಹೋಗುತ್ತೆ, ಬಿಲ್ ಕಟ್ಟೋದು ನೀವು. ದುಡ್ಡು ನಿಮ್ದು ನಡೆಸೋದು ನಾವು ಅಂದೋರು ನಷ್ಟ ಯಾರ್ದು ಅಂತ ಹೇಳಿದ್ರಾ?

ಧೂಳು ಕೂಡ. ಮಿಷನ್ ಫಿಲ್ಟರ್ ಕ್ಲೀನ್ ಮಾಡಿಸ್ತಾ ಇರಿ, ನಿಮ್ಮ ಕಡೆ ಕಬ್ಬು ಕಡಿದು ರವುದಿ ಸುಡೋ ಕಾಲದಲ್ಲಿ ಇನ್ನೂ ಜಾಸ್ತಿ. ಪಾರ್ಕಿಂಗ್ ಗೀಟು ಹಾಕುವಾಗ ಗಾಡಿ ಮುಂದಿಂದಾದ್ರೂ ಹಿಂದಿಂದಾದ್ರೂ ನಿಲ್ಲಿಸೋ ಹಾಗೆ ಜಾಗ ಬಿಡಿ, ಎಂಜಿ ಜಡ್‌ಎಸ್‌ಗೆ ಮೂತಿಲಿ ಚುಚ್ಚಬೇಕು, ನೆಕ್ಸಾನ್‌ಗೆ ಹಿಂದೆ, ಕೇಬಲ್ ಎಳೆದೂ ಎಳೆದೂ ಹಾಳಾಗುತ್ತೆ.

ಗದ್ದೆ_ಪಕ್ಕದೋನು:

ಅಬ್ಬಾ, ಇಷ್ಟೆಲ್ಲಾ ಐತಾ. ಹೋಟೆಲ್ ಅಕ್ಕ, ಲೈನ್ ಕಂಬದಣ್ಣ, ಎಲ್ರಿಗೂ ಥ್ಯಾಂಕ್ಸ್. ಏಜೆಂಟ್‌ಗೆ ಫೋನ್ ಮಾಡಿ ಮಿಷನ್ ನಿಂತ್ರೆ ದಿನಕ್ಕೆ ಎಷ್ಟು ಕಟ್ತೀರಾ ಅಂತ ಕೇಳ್ದೆ, ಮೀಟಿಂಗಲ್ಲಿದೀನಿ ಅಂತ ಇಟ್ಬುಟ್ಟ, ಇನ್ನೂ ಮೀಟಿಂಗ್ ಮುಗಿದಿಲ್ಲ.

ಟಿಸಿ ಹತ್ರ ಹೋಗಿ ನೋಡ್ಕಂಡ್ ಬಂದೆ, 63 ಅಂತ ಬರೆದೈತೆ. ತ್ರೀ ಫೇಸ್ ನಮಗೆ ಈ ವಾರ ರಾತ್ರಿ ಶಿಫ್ಟು, ಅಂದ್ರೆ ಅಣ್ಣ ಹೇಳ್ದಂಗೆ ಪಂಪ್‌ಸೆಟ್ ಲೈನೇ. ಊರೊಳಗಿನ ಲೈನು ಅರ್ಧ ಮುಕ್ಕಾಲು ಕಿ.ಮೀ. ಇರ್ಬೋದು, ಹೈವೇ ದಾಟೋ ಹಂಗಿಲ್ಲ, ನಮ್ ಕಡೆನೇ.

ಇನ್ನೆರಡು ಕೇಳೋದಿದೆ. ಸಬ್ಸಿಡಿ ಸಿಗುತ್ತಾ? ಮತ್ತೆ ಪಹಣಿಲಿ ಅಪ್ಪಂದೂ ಚಿಕ್ಕಪ್ಪಂದೂ ಜಂಟಿ ಹೆಸರಿದೆ, ಪೋಡಿ ಆಗಿಲ್ಲ, ಅಂದ್ರೆ ಪಾಲು ಅಳೆದು ಬೇರೆ ಮಾಡಿಲ್ಲ, ಅದು ತೊಂದ್ರೆ ಆಗುತ್ತಾ?

ಲೈನ್_ಕಂಬ:

ಊರಿನ ಲೈನು ನಿಮ್ಮ ಸೈಡಲ್ಲೇ ಇದ್ರೆ ಕೆಲಸ ಆಗೋಂಥದ್ದೇ. ಆದ್ರೂ ಆ ಫೀಡರಲ್ಲಿ 130 ಕೆವಿಎ ತಡೆಯೋ ಕೆಪಾಸಿಟಿ ಉಳಿದಿದ್ಯಾ ಅಂತ ಸೆಕ್ಷನ್ ಆಫೀಸಲ್ಲಿ ಜೆಇ ಹತ್ರ ಕೇಳಿ, ಬಾಯಿ ಮಾತಲ್ಲಿ ಬೇಡ, ಅರ್ಜಿ ಕೊಟ್ಟು ಫೀಸಿಬಿಲಿಟಿ ಬರೆಸ್ಕೊಳ್ಳಿ.

ಸಬ್ಸಿಡಿ ನಂಬ್ಕೊಂಡು ಲೆಕ್ಕ ಹಾಕ್ಬೇಡಿ. ಕೇಂದ್ರದ ಪಿಎಂ ಇ-ಡ್ರೈವ್ ಅನ್ನೋ ಇವಿ ಯೋಜನೇಲಿ ಚಾರ್ಜಿಂಗ್‌ಗೆ ಅಂತ 2000 ಕೋಟಿ ಇಟ್ಟಿರೋದು ನಿಜ, ಆದ್ರೆ ಅದು ಇಲಾಖೆ, ರಾಜ್ಯ ಸರ್ಕಾರ, ಸಾರ್ವಜನಿಕ ಉದ್ದಿಮೆಗಳ ಮೂಲಕ ಇಳಿಯೋ ದುಡ್ಡು, ನಿಮ್ಮ ಹೆಸರಿಗೆ ನೇರ ಅರ್ಜಿ ಹಾಕಿ ತಗೊಳ್ಳೋಂಥದ್ದಲ್ಲ. ಸಬ್ಸಿಡಿ ಮಾಡಿಸ್ಕೊಡ್ತೀನಿ ಅಂತ ಫೀಸ್ ಕೇಳೋರು ಬಂದ್ರೆ ಟೀ ಕುಡಿಸಿ ಕಳಿಸಿ. ಚಾರ್ಜರ್ ಮೇಲೆ ಜಿಎಸ್‌ಟಿ 5 ಪರ್ಸೆಂಟ್, ಕೊಟೇಶನಲ್ಲಿ 18 ಹಾಕಿದಾರಾ ನೋಡಿ.

ಪೋಡಿ ಆಗ್ದೆ ಮುಂದಕ್ಕೆ ಹೋಗ್ಬೇಡಿ ಅಂತಲೇ ನನ್ನ ಮಾತು. 10 ಗುಂಟೆ ಯಾರ ಪಾಲು, ಹದ್ದು ಎಲ್ಲಿ ಅಂತ ಸರ್ವೆ ಆಗಿ ಪಹಣಿ ಬೇರೆ ಬಂದ ಮೇಲೆ ಡಿಸಿ ಆಫೀಸಿಂದ ಕನ್ವರ್ಷನ್ನು, ಅದಾದ್ಮೇಲೆ ಹೈವೇ ಅಥಾರಿಟಿ ಹತ್ರ ಸರ್ವೀಸ್ ರೋಡಿಗೆ ದಾರಿ ಬಿಡೋ ಪರ್ಮಿಷನ್ನು. ಹೈವೇ ಮಧ್ಯದಿಂದ ಎಷ್ಟು ದೂರ ಬಿಟ್ಟು ಕಟ್ಟಬೇಕು ಅನ್ನೋ ಬಿಲ್ಡಿಂಗ್ ಲೈನ್ ಅಲ್ಲೇ ಗೊತ್ತಾಗುತ್ತೆ. ನಿಮ್ಮದು ಸಪೂರ ಜಮೀನು ಅಂದ್ರಲ್ಲ, ಆ ಲೈನ್ ಬಿಟ್ಮೇಲೆ ಕಟ್ಟೋಕೆ ಜಾಗ ಎಷ್ಟು ಉಳಿಯುತ್ತೆ ಅನ್ನೋದನ್ನ ಮೊದಲು ಟೇಪ್ ಹಿಡಿದು ಅಳತೆ ಮಾಡಿ. ಚಿಕ್ಕಪ್ಪನ ಹತ್ರ ಯಾವಾಗ ಮಾತಾಡ್ತೀರ ಅದು ನಿಮಗೆ ಬಿಟ್ಟಿದ್ದು, ಆದ್ರೆ ಚಾರ್ಜಿಂಗ್ ಸ್ಟೇಷನ್ ಅಂತ ಊರಲ್ಲಿ ಸುದ್ದಿ ಆಗಿ ಗುಂಟೆ ರೇಟ್ ಏರೋಕೆ ಮುಂಚೆ ಆದ್ರೆ ಒಳ್ಳೇದು.

ಗದ್ದೆ_ಪಕ್ಕದೋನು:

ಚಿಕ್ಕಪ್ಪಂಗೆ ಆಗಲೇ ಗೊತ್ತಾಗೋಗೈತೆ ಅಣ್ಣ. ಎರಡು ಗನ್ನಲ್ಲಿ ಒಂದು ನಂದು ಅಂತವ್ರೆ 😅 ಸೋಮವಾರ ಸೆಕ್ಷನ್ ಆಫೀಸಿಗೆ ಅವ್ರನ್ನೂ ಕರ್ಕಂಡೇ ಹೋಯ್ತೀನಿ.